ಟೈರ್ ಹೊಳೆದರೆ ಗಟ್ಟಿ ಎಂದರ್ಥವೇ? ಪಾಲಿಶ್ ಹಚ್ಚುವ ಮೊದಲು ಚೆನ್ನಾಗಿ ತೊಳೆಯುವುದು ಏಕೆ ಮುಖ್ಯ

ಆಯುಧಪೂಜೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊಗಳು ಮತ್ತೆ ಹರಿದಾಡತೊಡಗುತ್ತವೆ. ಮಾಸಿದ ಕಾರಿನ ಟೈರ್, ಪಕ್ಕದಲ್ಲೊಂದು ಬಟ್ಟಲು, ಅದರಲ್ಲಿ ಡೀಸೆಲ್ಲೋ ಸೀಮೆಎಣ್ಣೆಯೋ ಕೊಬ್ಬರಿ ಎಣ್ಣೆಯೋ. ಬಟ್ಟೆ ಅದ್ದಿ ಒಮ್ಮೆ ಒರೆಸಿದರೆ ಸಾಕು, ಟೈರ್ ಈಗತಾನೆ ಶೋರೂಮಿನಿಂದ ಬಂದಂತೆ ಮಿಂಚುತ್ತದೆ. ಖರ್ಚಿಲ್ಲದೆ ಹಳೆ ಟೈರ್ ಹೊಸದಾಗುತ್ತದೆ, ಬಾಳಿಕೆಯೂ ಹೆಚ್ಚುತ್ತದೆ ಎನ್ನುವ ಅರ್ಥದ ಒಕ್ಕಣೆ ಅದರ ಜೊತೆಗಿರುತ್ತದೆ.

ಇಲ್ಲಿ ಎರಡು ಮಾತುಗಳು ಬೆರೆತಿವೆ. ಎಣ್ಣೆ ಹಚ್ಚಿದರೆ ಟೈರ್ ಕಪ್ಪಗೆ ಹೊಳೆಯುತ್ತದೆ ಎನ್ನುವುದು ನಿಜ. ಹೊಳೆಯುವ ಟೈರ್ ಗಟ್ಟಿಯಾದ ಟೈರ್ ಎನ್ನುವುದು ನಿಜವಲ್ಲ. ಈ ಎರಡನ್ನು ಬಿಡಿಸಿ ನೋಡಲು ಟೈರ್‌ನ ಮೇಲೆ ಕೂರುವ ಆ ಕಂದು ಬಣ್ಣ ಏನು ಎಂಬಲ್ಲಿಂದ ಶುರು ಮಾಡಬೇಕು.

ಕಪ್ಪು ಟೈರ್ ಕಂದಾಗುವುದು ಏಕೆ?

ರಬ್ಬರ್ ಹುಟ್ಟಿನಿಂದ ಕಪ್ಪಲ್ಲ. ಒಂದು ಶತಮಾನದ ಹಿಂದಿನ ಕಾರುಗಳ ಟೈರ್‌ಗಳು ಬೆಳ್ಳಗೆ ಅಥವಾ ಬೂದಿ ಬಣ್ಣಕ್ಕೆ ಇರುತ್ತಿದ್ದವು. ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯನ್ನು ರಬ್ಬರ್‌ಗೆ ಬೆರೆಸಿದರೆ ಅದು ಬೇಗ ಸವೆಯುವುದಿಲ್ಲ ಎಂದು ಗೊತ್ತಾದ ಮೇಲೆ ಟೈರ್ ಕಪ್ಪಾಯಿತು. ಇದೇ ಮಸಿ ಬಿಸಿಲಿನ ನೇರಳಾತೀತ ಕಿರಣಗಳನ್ನೂ ಹೀರಿಕೊಳ್ಳುತ್ತದೆ. ಅಂದರೆ ಬಿಸಿಲಿನಿಂದ ಟೈರ್‌ಗೆ ಸಿಗುವ ಮುಖ್ಯ ರಕ್ಷಣೆ ಕಾರ್ಖಾನೆಯಲ್ಲೇ ಅದರೊಳಗೆ ಸೇರಿರುತ್ತದೆ.

ಟೈರ್‌ನ ಇನ್ನೊಂದು ಶತ್ರು ಓಝೋನ್. ಆಕಾಶದಲ್ಲಿ ಎತ್ತರದಲ್ಲಿರುವ ಓಝೋನ್ ನಮ್ಮನ್ನು ಕಾಯುತ್ತದೆ. ಆದರೆ ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ನೆಲಮಟ್ಟದಲ್ಲಿ ಹುಟ್ಟುವ ಓಝೋನ್ ರಬ್ಬರ್‌ನ ಅಣುಗಳ ಕೊಂಡಿಗಳನ್ನು ಕತ್ತರಿಸುತ್ತದೆ. ಹಳೆಯ ಟೈರ್‌ಗಳ ಪಕ್ಕದಲ್ಲಿ ಕಾಣುವ ಸಣ್ಣ ಬಿರುಕುಗಳಿಗೆ ಇದು ಮುಖ್ಯ ಕಾರಣ. ಇದನ್ನು ತಡೆಯಲು ತಯಾರಕರು ರಬ್ಬರ್‌ನೊಳಗೆ ಮೇಣ ಮತ್ತು 6-ಪಿಪಿಡಿಯಂತಹ ರಾಸಾಯನಿಕಗಳನ್ನು ಬೆರೆಸುತ್ತಾರೆ. ಟೈರ್ ಉರುಳಿ ಬಾಗಿ ಬಳುಕುವಾಗ ಇವು ನಿಧಾನವಾಗಿ ಮೇಲ್ಮೈಗೆ ಬರುತ್ತವೆ. ಅಲ್ಲಿ ಓಝೋನ್ ಜೊತೆ ತಾವೇ ಪ್ರತಿಕ್ರಿಯಿಸಿ ರಬ್ಬರ್‌ಗೆ ಏಟು ತಗುಲದಂತೆ ನೋಡಿಕೊಳ್ಳುತ್ತವೆ. ಹಾಗೆ ಪ್ರತಿಕ್ರಿಯಿಸಿದ ಪದಾರ್ಥದ ಬಣ್ಣವೇ ಕಂದು.

ಹಾಗಾಗಿ ಟೈರ್ ಮೇಲಿನ ಕಂದು ಪೂರ್ತಿ ಕೊಳೆಯಲ್ಲ. ಅದರಲ್ಲಿ ರಸ್ತೆಯ ಧೂಳು, ಬ್ರೇಕ್ ಪ್ಯಾಡ್‌ಗಳ ಪುಡಿ, ಎಣ್ಣೆಯ ಜಿಡ್ಡು, ಹಿಂದೆ ಹಚ್ಚಿದ ಪಾಲಿಶ್‌ನ ಉಳಿಕೆ ಇರುತ್ತದೆ. ಜೊತೆಗೆ ಟೈರ್ ತನ್ನ ಕೆಲಸ ಮಾಡಿದ ಗುರುತೂ ಇರುತ್ತದೆ. ತೊಳೆದ ಮೇಲೂ ಕೆಲವು ವಾರಗಳಲ್ಲಿ ಕಂದು ಮರಳಿದರೆ ಟೈರ್ ಕಳಪೆ ಎಂದುಕೊಳ್ಳಬೇಕಿಲ್ಲ.

ಡೀಸೆಲ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಮಾಡುವುದೇನು?

ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಲೆ, ದೀಪಗಳಿಂದ ದೂರದಲ್ಲಿ, ಒಂದನ್ನು ಸ್ವಲ್ಪ ಡೀಸೆಲ್‌ನಲ್ಲಿ, ಇನ್ನೊಂದನ್ನು ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರಿನದು ಹಾಗೇ ಇರುತ್ತದೆ. ಡೀಸೆಲ್‌ನದು ಊದಿಕೊಂಡು ಮೆತ್ತಗಾಗಿರುತ್ತದೆ, ಎಳೆದರೆ ಬೇಗ ಹರಿಯುತ್ತದೆ.

ಟೈರ್ ರಬ್ಬರ್ ಇದಕ್ಕಿಂತ ಬಹಳ ಗಟ್ಟಿ. ಒಮ್ಮೆ ಒರೆಸಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ. ಆದರೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳನ್ನು ಪದೇ ಪದೇ ಹಚ್ಚಿದರೆ ಮೇಲ್ಪದರ ಊದಿ ಮೃದುವಾಗುತ್ತದೆ, ಅಲ್ಲಿರುವ ಮೇಣ ಮತ್ತು ರಕ್ಷಕ ರಾಸಾಯನಿಕಗಳೂ ತೊಳೆದುಹೋಗುತ್ತವೆ. ಕೊಬ್ಬರಿ ಎಣ್ಣೆಯಂತಹ ಅಡುಗೆ ಎಣ್ಣೆಗಳೂ ನೈಸರ್ಗಿಕ ರಬ್ಬರ್‌ಗೆ ಒಗ್ಗುವುದಿಲ್ಲ. ಮೇಲಾಗಿ ಅವು ಒಣಗದೆ ಜಿಗುಟಾಗಿಯೇ ಉಳಿದು ಮುಂದಿನ ಹತ್ತು ಕಿಲೋಮೀಟರ್‌ನ ಧೂಳನ್ನೆಲ್ಲ ಹಿಡಿದುಕೊಳ್ಳುತ್ತವೆ.

ತಂಪು ಪಾನೀಯ ಸುರಿಯುವ ವಿಡಿಯೊಗಳೂ ಇವೆ. ಅದರಲ್ಲಿರುವ ಸಕ್ಕರೆ ಅಂಟಾಗಿ ಉಳಿಯುತ್ತದೆ. ಟಾಯ್ಲೆಟ್ ಕ್ಲೀನರ್ ಬಳಸುವುದಂತೂ ಬೇಡವೇ ಬೇಡ. ಸಾಮಾನ್ಯವಾಗಿ ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಅಲಾಯ್ ವೀಲ್ ಮತ್ತು ಬ್ರೇಕ್‌ನ ಲೋಹವನ್ನು ತಿನ್ನುತ್ತದೆ.

ಇನ್ನೊಂದು ಅಪಾಯ ಪೂಜೆಯ ದಿನದ್ದು. ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಒರೆಸಿದ ಗಾಡಿಯ ಮುಂದೆ ಕರ್ಪೂರ ಹಚ್ಚುವುದು, ಆ ಬಟ್ಟೆ ಅಲ್ಲೇ ಬಿದ್ದಿರುವುದು ಬೆಂಕಿಗೆ ಕರೆ ಕೊಟ್ಟಂತೆ.

ಕೊಳೆಯ ಮೇಲೆಯೇ ಪಾಲಿಶ್ ಹಚ್ಚಿದರೆ?

ಅಂಗಡಿಯಲ್ಲಿ ಸಿಗುವ ಟೈರ್ ಪಾಲಿಶ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಗೆಯಲ್ಲಿ ಸಿಲಿಕೋನ್ ಅನ್ನು ನೀರಿನಲ್ಲಿ ಬೆರೆಸಿರುತ್ತಾರೆ. ಇದು ನೋಡಲು ಹಾಲಿನಂತೆ ಇರುತ್ತದೆ. ಇನ್ನೊಂದರಲ್ಲಿ ಸಿಲಿಕೋನ್ ಜೊತೆ ಪೆಟ್ರೋಲಿಯಂ ದ್ರಾವಕ ಇರುತ್ತದೆ, ಅದಕ್ಕೆ ಸೀಮೆಎಣ್ಣೆಯಂಥ ವಾಸನೆ. ಹೊಳಪು ಎರಡನೆಯದರಲ್ಲಿ ಹೆಚ್ಚು, ರಬ್ಬರ್‌ಗೆ ಸುರಕ್ಷಿತ ಮೊದಲನೆಯದು. ಡಬ್ಬಿಯ ಮೇಲೆ 'ವಾಟರ್ ಬೇಸ್ಡ್' ಎಂದಿದೆಯೇ ನೋಡಿ ಕೊಳ್ಳಿ.

ಯಾವುದೇ ಲೇಪನವಾದರೂ ಅದು ಅಂಟಬೇಕಿರುವುದು ರಬ್ಬರ್‌ಗೆ. ನಡುವೆ ಧೂಳು, ಜಿಡ್ಡು ಇದ್ದರೆ ಅದು ಧೂಳಿಗೆ ಅಂಟುತ್ತದೆ. ಸುಣ್ಣ ಉದುರುವ ಗೋಡೆಗೆ ಬಣ್ಣ ಬಳಿದರೆ ಏನಾಗುತ್ತದೋ ಇಲ್ಲೂ ಅದೇ. ಗಾಡಿ ವೇಗ ಹಿಡಿದಾಗ ಆ ಪದರ ಹನಿಹನಿಯಾಗಿ ಸಿಡಿದು ಬಾಗಿಲಿನ ಕೆಳಗೆ, ಮಡ್‌ಗಾರ್ಡ್ ಮೇಲೆ ಕಪ್ಪು ಚುಕ್ಕೆಗಳಾಗಿ ಕೂರುತ್ತದೆ. ಒದ್ದೆ ಟೈರ್‌ಗೆ ಹಚ್ಚಿದರೂ ಹೀಗೆಯೇ. ನೀರಿರುವ ಕಡೆ ಪಾಲಿಶ್ ಹಿಡಿಯದೆ ಪಟ್ಟೆಪಟ್ಟೆಯಾಗುತ್ತದೆ.

ತೊಳೆಯುವ ಸರಿಯಾದ ಕ್ರಮ

1. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಟೈರ್ ತಣ್ಣಗಾಗಲು ಬಿಡಿ. ಬಿಸಿ ಟೈರ್ ಮೇಲೆ ಸೋಪಿನ ನೀರು ಉಜ್ಜುವ ಮೊದಲೇ ಒಣಗಿ ಕಲೆಯಾಗುತ್ತದೆ.
2. ಮೊದಲು ಬರೀ ನೀರು ಹಾಯಿಸಿ ಮಣ್ಣು, ಮರಳು ಹೋಗಲಿ. ಪ್ರೆಷರ್ ಪಂಪ್ ಬಳಸುವುದಾದರೆ ನಳಿಕೆಯನ್ನು ಟೈರ್‌ಗೆ ತೀರಾ ಹತ್ತಿರ ಹಿಡಿಯಬೇಡಿ. ಒಂದೇ ಕಡೆ ಬೀಳುವ ಜೋರಾದ ನೀರು ರಬ್ಬರ್‌ಗೆ ಹಾನಿ ಮಾಡಬಲ್ಲದು.
3. ಕಾರ್ ಶಾಂಪೂ ಅಥವಾ ಸೌಮ್ಯ ಸೋಪಿನ ನೀರಿನಲ್ಲಿ ನೈಲಾನ್ ಬ್ರಷ್‌ನಿಂದ ಉಜ್ಜಿ. ತಂತಿಯ ಬ್ರಷ್ ಬೇಡ. ಮೊದಲ ನೊರೆ ಕಂದಾಗಿರುತ್ತದೆ. ಎರಡನೇ ಸಲಕ್ಕೆ ಅದು ಹೆಚ್ಚುಕಡಿಮೆ ಬಿಳಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ.
4. ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ.
5. ಪಾಲಿಶ್ ಅನ್ನು ಟೈರ್‌ಗೆ ನೇರವಾಗಿ ಸ್ಪ್ರೇ ಮಾಡದೆ ಸ್ಪಂಜಿಗೆ ಹಾಕಿಕೊಂಡು ತೆಳುವಾಗಿ ಸವರಿ. ಸ್ಪ್ರೇ ಹಾರಿ ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದು ಕಷ್ಟ.
6. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಹೆಚ್ಚಾಗಿದ್ದನ್ನು ಒಣಬಟ್ಟೆಯಿಂದ ಒರೆಸಿಯೇ ಗಾಡಿ ತೆಗೆಯಿರಿ.

ಪ್ರತಿ ವಾರ ಹೀಗೆ ಉಜ್ಜುವ ಅಗತ್ಯವಿಲ್ಲ. ಅತಿಯಾಗಿ ಉಜ್ಜಿದರೆ ಟೈರ್ ತಾನೇ ಹೊರಗೆ ತಂದ ರಕ್ಷಣೆಯನ್ನು ನಾವೇ ತೆಗೆದಂತೆ.

ಎಲ್ಲಿ ಹಚ್ಚಲೇಬಾರದು?

ಪಾಲಿಶ್ ಇರುವುದು ಟೈರ್‌ನ ಪಕ್ಕದ ಭಾಗಕ್ಕೆ, ಅಂದರೆ ಸೈಡ್‌ವಾಲ್‌ಗೆ ಮಾತ್ರ. ರಸ್ತೆಯನ್ನು ಮುಟ್ಟುವ ಭಾಗಕ್ಕೆ, ಅಂದರೆ ಹಲವರು ಬಟನ್ ಎಂದು ಕರೆಯುವ ಟ್ರೆಡ್‌ಗೆ, ಅದು ತಾಗಬಾರದು. ಕಾರಿನ ಒಂದು ಟೈರ್ ರಸ್ತೆಗೆ ತಾಗಿಕೊಂಡಿರುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಅಷ್ಟರಲ್ಲೇ ಬ್ರೇಕ್, ತಿರುವು ಎಲ್ಲ ನಡೆಯಬೇಕು. ಅಲ್ಲಿ ಸಿಲಿಕೋನ್ ಅಥವಾ ಎಣ್ಣೆ ಇದ್ದರೆ ಹಿಡಿತ ತಪ್ಪುತ್ತದೆ.

ಬೈಕ್, ಸ್ಕೂಟರ್ ಇರುವವರು ಇದನ್ನು ಇನ್ನೂ ಗಮನದಲ್ಲಿಡಬೇಕು. ತಿರುವಿನಲ್ಲಿ ಬೈಕ್ ವಾಲಿದಾಗ ಟೈರ್‌ನ ಅಂಚೂ ರಸ್ತೆಗೆ ತಾಗುತ್ತದೆ. ಪೂಜೆ ಮುಗಿಸಿ ಮೊದಲ ಸುತ್ತು ಹೊರಟವರು ಬೀದಿಯ ತಿರುವಿನಲ್ಲೇ ಜಾರಿ ಬೀಳಬಹುದು. ದ್ವಿಚಕ್ರ ವಾಹನಗಳ ಟೈರ್‌ಗೆ ಪಾಲಿಶ್ ಹಚ್ಚದಿರುವುದೇ ಒಳ್ಳೆಯದು. ತೊಳೆದರೆ ಸಾಕು.

ತೊಳೆದಾಗ ಕಾಣುವುದು, ಪಾಲಿಶ್ ಮುಚ್ಚುವುದು

ಟೈರ್ ತೊಳೆಯುವುದರ ದೊಡ್ಡ ಲಾಭ ಇಲ್ಲಿದೆ. ಕೊಳೆ ಹೋಗಿ, ಪಾಲಿಶ್ ಇನ್ನೂ ಬೀಳದ ಆ ಹತ್ತು ನಿಮಿಷದಲ್ಲಿ ಟೈರ್ ತನ್ನ ನಿಜವಾದ ಸ್ಥಿತಿ ತೋರಿಸುತ್ತದೆ. ಆಗ ಈ ನಾಲ್ಕನ್ನು ನೋಡಿ.

ಬಿರುಕು: ಸೈಡ್‌ವಾಲ್‌ನಲ್ಲಿ, ಟ್ರೆಡ್‌ನ ಕಾಲುವೆಗಳೊಳಗೆ ಬಿರುಕುಗಳಿವೆಯೇ? ಆಳವಾಗಿದ್ದರೆ ಟೈರ್ ಅಂಗಡಿಯಲ್ಲಿ ತೋರಿಸಿ.

ಉಬ್ಬು: ಗುಂಡಿಗೆ ಬಿದ್ದ ಏಟಿಗೆ ಒಳಗಿನ ದಾರದ ಪದರ ಹರಿದರೆ ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಇದಕ್ಕೆ ರಿಪೇರಿ ಇಲ್ಲ, ಟೈರ್ ಬದಲಿಸಬೇಕು.

ಸವೆತ: ಕಾರುಗಳ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಕಾಲುವೆಗಳೊಳಗೆ ಅಡ್ಡಲಾಗಿ ಇರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ಟ್ರೆಡ್ ಬಂದಿದ್ದರೆ ಆ ಮಿತಿ ಮುಟ್ಟಿತು ಎಂದರ್ಥ.

ವಯಸ್ಸು: ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ ಆ ಟೈರ್ 2019ರ 23ನೇ ವಾರ ತಯಾರಾದದ್ದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ಇನ್ನಷ್ಟು ಮುಖ್ಯ. ಮಾರಾಟಕ್ಕೆ ನಿಂತ ಕಾರಿನ ಟೈರ್‌ಗಳಿಗೆ ಗಾಢವಾಗಿ ಪಾಲಿಶ್ ಬಳಿದಿದ್ದರೆ ಸಣ್ಣ ಬಿರುಕುಗಳು ಕಣ್ಣಿಗೆ ಬೀಳುವುದಿಲ್ಲ. ಬೆಲೆ ಮಾತಾಡುವ ಮೊದಲು ಒಂದು ಒದ್ದೆ ಬಟ್ಟೆಗೆ ಸೋಪು ಹಾಕಿ ಒರೆಸಿ ನೋಡಿ. ನಾಲ್ಕು ಟೈರ್ ಬದಲಿಸುವ ಖರ್ಚು ಸಣ್ಣದಲ್ಲ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದವು. 6-ಪಿಪಿಡಿ ಓಝೋನ್ ಜೊತೆ ಸೇರಿ ಉಂಟಾಗುವ ಒಂದು ರಾಸಾಯನಿಕ ಇದಕ್ಕೆ ಕಾರಣ ಎಂದು 2020ರ ಡಿಸೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸಂಶೋಧಕರು ತೋರಿಸಿದರು. ಅದು ತೊರೆ ಸೇರಿದ್ದು ಮುಖ್ಯವಾಗಿ ರಸ್ತೆಯಲ್ಲಿ ಸವೆದ ಟೈರ್‌ನ ಪುಡಿಯಿಂದ, ಗಾಡಿ ತೊಳೆದ ನೀರಿನಿಂದಲ್ಲ. ಆದರೂ ಟೈರ್‌ನ ಕಂದು ನೊರೆಯಲ್ಲಿ ಇದೇ ಬಗೆಯ ಪದಾರ್ಥಗಳಿರುತ್ತವೆ. ಕೆರೆ, ಹೊಳೆ, ಬಾವಿಗಳ ಬಳಿ ಗಾಡಿ ತೊಳೆಯಬೇಡಿ.

ಹಾಗಾದರೆ ಪಾಲಿಶ್ ಬೇಕೇ?

ಅಂದಕ್ಕೆ ಬೇಕಾದರೆ ಹಚ್ಚಿ, ತೊಂದರೆಯಿಲ್ಲ. ಆದರೆ ಅದನ್ನು ಹಚ್ಚದಿದ್ದರೆ ಟೈರ್ ಹಾಳಾಗುತ್ತದೆ ಎನ್ನುವ ಮಾತನ್ನು ನಂಬಬೇಡಿ. ಟೈರ್‌ನ ಬಾಳಿಕೆ ನಿಂತಿರುವುದು ಸರಿಯಾದ ಗಾಳಿಯ ಒತ್ತಡ, ಮಿತಿ ಮೀರದ ಭಾರ, ಚಕ್ರಗಳ ಅಲೈನ್‌ಮೆಂಟ್ ಮತ್ತು ನೀವು ಗಾಡಿ ಓಡಿಸುವ ರೀತಿಯ ಮೇಲೆ. ಚಾಲಕನ ಬಾಗಿಲಿನ ಅಂಚಿನಲ್ಲಿ ಅಥವಾ ಮ್ಯಾನುಯಲ್‌ನಲ್ಲಿ ಒತ್ತಡದ ಅಳತೆ ಬರೆದಿರುತ್ತದೆ. ತಿಂಗಳಿಗೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ.

ಈ ಸಲ ಡೀಸೆಲ್ ಬಟ್ಟಲಿನ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಇಷ್ಟನ್ನು ಕಳಿಸಿ: ಸೋಪು ಹಾಕಿ ತೊಳೆಯಿರಿ, ಒಣಗಿಸಿ, ಬಿರುಕು, ಉಬ್ಬು, ಸವೆತ, ವಯಸ್ಸು ನೋಡಿ. ಪಾಲಿಶ್ ಆಮೇಲಿನ ಮಾತು.