ನೀರು ಎಲ್ಲಿಗೆ ಹೋಗುತ್ತದೆ?

ಕಳೆದ ತಿಂಗಳ ಬ್ಯಾಟರಿ ಲೇಖನ ಓದಿದ ಕೆಲವರು, ಭಾನುವಾರ ಪೂಜೆ ಮುಗಿದದ್ದೇ ಇಗರ್ಜಿಯ ಅಂಗಳದಲ್ಲಿ ಬಾನೆಟ್ ಎತ್ತಿ ತೋರಿಸಿದರು. ಸಂತೋಷ. ಈ ಸಲದ ಕಾರು ಸ್ವಲ್ಪ ದೂರದ್ದು, ಶಾರ್ಜಾದ್ದು.

ಅಲ್ಲಿರುವ ನನ್ನ ಮಗ ಹಳೆಯ ಮಾಜ್ದಾ ಎಂಎಕ್ಸ್-5 ಕೊಂಡಿದ್ದಾನೆ. 1989ರಲ್ಲಿ ಬಂದ ಮೊದಲ ಮಾದರಿ, 1600 ಸಿಸಿ, ಮಾಡು ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರು. "ನಾಳೆ ಮಕ್ಕಳಾದರೆ ಎಲ್ಲಿ ಕೂರಿಸುತ್ತಾನಂತೆ?" ಎಂದು ಅವನ ತಾಯಿ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಬಂದದ್ದು ಬೇರೆ ಫೋನು. ವಾರಕ್ಕೊಮ್ಮೆ ಕೂಲಂಟ್ ಇಳಿಯುತ್ತಿದೆ, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. "ಪಪ್ಪಾ, ದಿನಾ ಬೆಳಿಗ್ಗೆ ನೀರು ಹಾಕಿಕೊಂಡರೆ ಸಾಕಲ್ಲ? ಶುಕ್ರವಾರ ಅವಳನ್ನು ಕರಕೊಂಡು ಜಬಲ್ ಜೈಸ್ ಬೆಟ್ಟಕ್ಕೆ ಹೋಗಬೇಕು."

"ಬ್ರೇಕ್ ಹೇಗಿದೆ?" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಒಮ್ಮೊಮ್ಮೆ ಪೆಡಲ್ ಗಟ್ಟಿ."

ಬೆಟ್ಟ ಬೇಡ ಮಾರಾಯ, ಮೊದಲು ಕಾರು ನೋಡು ಎಂದೆ.

ಕೂಲಂಟ್ ಓಡಾಡುವುದು ಮುಚ್ಚಿದ ಹಾದಿಯಲ್ಲಿ. ಅದು ಸುಮ್ಮನೆ ಆರಿಹೋಗುವುದಿಲ್ಲ. ಇಳಿದಿದೆ ಎಂದರೆ ಎಲ್ಲೋ ದಾರಿ ಸಿಕ್ಕಿದೆ. ಬಿಸಿಯಾದಾಗ ಒತ್ತಡ ಏರುತ್ತದೆ, ಸಣ್ಣ ಬಿರುಕು ಆಗ ಬಾಯಿ ಬಿಡುತ್ತದೆ. ಹೊರಬಂದ ಹನಿ ಬಿಸಿ ಲೋಹದ ಮೇಲೆ ಆವಿಯಾಗುವುದರಿಂದ ನೆಲದಲ್ಲಿ ಕಲೆ ಕಾಣದೆ ಇರಬಹುದು. ಆದ್ದರಿಂದ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈಪಂಪು ಹಾಕಿ ಒತ್ತಡ ಕೊಟ್ಟು ನೋಡಬೇಕು. ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬಾರದು. ಮುಖ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ.

ಮೊದಲು ರೇಡಿಯೇಟರ್. ಅದರ ಪ್ಲಾಸ್ಟಿಕ್ ಭಾಗ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಇವನದ್ದು ಹೊಸತು. ಹೋಸ್‌ಗಳೂ ಒಣಗಿದ್ದವು. ಆದರೆ ಗೇರ್‌ಬಾಕ್ಸ್ ತಲೆಯ ಮೇಲೆ ಪಸೆಯಿತ್ತು, ಅವನು ಆಯಿಲ್ ಎಂದುಕೊಂಡಿದ್ದ. ಬೆರಳಿಗೆ ತಾಗಿಸಿ ಮೂಸಿ ನೋಡು ಎಂದೆ. ಸಿಹಿ ವಾಸನೆ! ಈ ಕಾರಿನಲ್ಲಿ ಎಂಜಿನ್ ಹೆಡ್‌ನ ಹಿಂಬದಿಗೆ, ಕೈ ಹೋಗದಂಥ ಜಾಗದಲ್ಲಿ, ರಬ್ಬರ್ ಬಿರಡೆಯೊಂದಿದೆ. ಕನ್ನಡಿ ಮತ್ತು ಟಾರ್ಚ್ ಹಿಡಿದರೆ ಮಾತ್ರ ಕಾಣುತ್ತದೆ. ಮೂವತ್ತು ವರ್ಷದ ಬಿಸಿಗೆ ಅದು ಬಿರಿದಿತ್ತು. ದಿನಾ ನೀರು ಸುರಿದುಕೊಂಡೇ ಓಡಿಸಿ, ಒಂದು ದಿನ ಏರಿನಲ್ಲಿ ನೀರು ಮುಗಿದಿದ್ದರೆ? ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತಿತ್ತು.

ಇನ್ನು ಬ್ರೇಕ್. ನಮ್ಮ ಕಾಲಿನ ಬಲವನ್ನು ಹೆಚ್ಚಿಸುವುದು ಬೂಸ್ಟರ್. ಎಂಜಿನ್ ಗಾಳಿ ಹೀರುವಾಗ ಉಂಟಾಗುವ ನಿರ್ವಾತವೇ, ಅಂದರೆ ವ್ಯಾಕ್ಯೂಮ್, ಅದರ ಶಕ್ತಿ. ಅಲ್ಲಿಗೆ ಹೋಗುವ ಪೈಪು ಬಿರಿದರೆ ಎರಡು ತೊಂದರೆ: ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಐಡ್ಲಿಂಗ್ ಕೆಡುತ್ತದೆ, ಪೆಡಲ್ ಕಲ್ಲಾಗುತ್ತದೆ. ನಿಮ್ಮ ಪೆಟ್ರೋಲ್ ಕಾರಿನಲ್ಲೂ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗೆ ಹೋಗಬೇಕು. ಹೋಗದಿದ್ದರೆ ಗಾಡಿ ಓಡಿಸದೆ ಮೆಕ್ಯಾನಿಕನ್ನು ಕರೆಸಿ.

ಇವನದ್ದು ಹೋಗಲಿಲ್ಲ. ಕೆಲವರು ಪೈಪುಗಳ ಮೇಲೆ ಪೆಟ್ರೋಲ್ ಚಿಮುಕಿಸಿ ಸೋರಿಕೆ ಹುಡುಕುತ್ತಾರೆ, ಅದು ಬೆಂಕಿಯ ಜೊತೆ ಆಟ. ಸಣ್ಣ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ ಹಿಡಿದು, ತಿರುಗುವ ಭಾಗಗಳಿಂದ ದೂರವಿದ್ದು, ಇನ್ನೊಂದು ತುದಿಯನ್ನು ಪೈಪುಗಳ ಉದ್ದಕ್ಕೂ ಒಯ್ದರೆ ಸಾಕು, ಸುಯ್ ಎನ್ನುವ ಸದ್ದು ಜಾಗ ಹೇಳುತ್ತದೆ. ಬೂಸ್ಟರ್ ಪೈಪಿನ ತುದಿಯಲ್ಲೇ ಸೀಳಿತ್ತು. ಹೊಸ ಪೈಪಿನ ಬೆಲೆ ಅವರಿಬ್ಬರ ಒಂದು ಊಟದಷ್ಟೂ ಇರಲಿಲ್ಲ. ಅದರಲ್ಲಿ ಒಂದೇ ದಿಕ್ಕಿಗೆ ಗಾಳಿ ಬಿಡುವ ವಾಲ್ವ್ ಇರುತ್ತದೆ, ತಿರುಗಾಮುರುಗಾ ಹಾಕಬಾರದು.

ಚೆಲ್ಲಿದ ಕೂಲಂಟನ್ನು ತೊಳೆಯಲು ಮರೆಯಬೇಡಿ ಎಂದು ಇಲ್ಲಿಯವರಿಗೂ ಹೇಳುತ್ತೇನೆ. ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿಗಳು ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಎರಡು ವಾರ ತಡವಾಗಿ ಅವರು ಬೆಟ್ಟ ಹತ್ತಿದರು. ಮೇಲಿಂದ ಫೋಟೊ ಬಂತು, ಇಬ್ಬರೂ ನಗುತ್ತಿದ್ದರು. ಇಳಿದು ಬಂದ ಮೇಲೆ ಕೂಲಂಟ್ ಡಬ್ಬಿಯ ಫೋಟೊ ಕಳಿಸು ಎಂದೆ. ರಾತ್ರಿ ಅದೂ ಬಂತು. ನೀರು ಬೆಳಿಗ್ಗೆ ಇದ್ದ ಗೆರೆಯಲ್ಲೇ ಇತ್ತು.