ಗುಹೆಗಳಿಲ್ಲದ ನಾಡಿನ ಪ್ರಾಗಿತಿಹಾಸ: ಶೋಧ ನಡೆಯಬೇಕಿರುವುದು ನದಿದಂಡೆಯಲ್ಲಿ

ಚಿಕ್ಕೋಡಿ: ಪ್ರಾಗಿತಿಹಾಸ ಎಂದೊಡನೆ ಜನಸಾಮಾನ್ಯರ ಕಣ್ಣ ಮುಂದೆ ಬರುವುದು ಗುಹೆ ಮತ್ತು ಅದರ ಗೋಡೆಯ ಮೇಲಿನ ಚಿತ್ರ. ಬಾಗಲಕೋಟೆ ಜಿಲ್ಲೆಯ ಬಾದಾಮಿ ಬಳಿಯ ಸಿಡಿಲಫಡಿ, ಮಲಪ್ರಭಾ ತೀರದ ಖ್ಯಾಡ ಸಮೀಪದ ಅರೆಗುಡ್ಡ, ಹಿರೇಗುಡ್ಡಗಳು ಇದಕ್ಕೆ ನಿದರ್ಶನ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಿಗೆ ಅಂತಹ ಖ್ಯಾತಿಯಿಲ್ಲ. ಆದರೆ ಗುಹೆ ಇಲ್ಲವೆಂಬ ಕಾರಣಕ್ಕೆ ಇಲ್ಲಿ ಆದಿಮಾನವನ ನೆಲೆಯೇ ಇರಲಿಲ್ಲ ಎಂದು ತೀರ್ಮಾನಿಸುವುದು ಅವಸರದ ಮಾತಾದೀತು.

ವ್ಯತ್ಯಾಸವಿರುವುದು ಕಲ್ಲಿನಲ್ಲಿ. ಬಾದಾಮಿಯ ಮರಳುಗಲ್ಲಿನಲ್ಲಿ ಮೆದು ಪದರ ಸವೆದು, ಗಟ್ಟಿ ಪದರ ಚಾಚಿ ನಿಂತು ಸ್ವಾಭಾವಿಕ ಆಸರೆಗಳು ರೂಪುಗೊಂಡಿವೆ. ಚಿಕ್ಕೋಡಿ ಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ನಿನ ಲಾವಾ ಶಿಲೆಯ ಮೇಲಿದೆ. ಈ ಶಿಲೆ ಶಿಥಿಲಗೊಂಡು ಕಪ್ಪು ಮಣ್ಣಾಗುತ್ತದೆ. ಕಬ್ಬು, ತಂಬಾಕಿನ ಬೆಳೆಗೆ ಆಧಾರವಾದ ಮಣ್ಣು ಇದೇ.

ಶಿಲಾಯುಗದ ಮಾನವ ಗುಹೆಗಳಿಗಷ್ಟೇ ಸೀಮಿತನಾಗಿರಲಿಲ್ಲ. 1863ರಲ್ಲಿ ಮದ್ರಾಸು ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಆಯುಧ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್, ಬಳಿಕ ಮಲಪ್ರಭಾ ಕಣಿವೆಯಲ್ಲೂ ಅಂತಹ ಆಯುಧಗಳನ್ನು ದಾಖಲಿಸಿದರು. ಆರ್.ವಿ. ಜೋಶಿ ಅವರ ಮಲಪ್ರಭಾ ಕಣಿವೆಯ ಅಧ್ಯಯನ 1955ರಲ್ಲಿ ಪ್ರಕಟವಾಯಿತು. ಘಟಪ್ರಭಾ ತೀರದ ಅನಗವಾಡಿಯಲ್ಲಿ ಆಯುಧಗಳು ದೊರೆತದ್ದು ನದಿಯ ಜಲ್ಲಿ ಪದರಗಳಲ್ಲಿ. ಹೀಗಿರುವಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಗಳೂ ಅಂತಹದೇ ಶೋಧಕ್ಕೆ ಅರ್ಹ. ಆದರೆ ಮರಳು, ಇಟ್ಟಿಗೆ ಮಣ್ಣಿಗಾಗಿ ಅಗೆಯುವುದೂ ಇಂತಹ ದಂಡೆಗಳನ್ನೇ. 2005 ಮತ್ತು 2019ರ ಮಹಾಪೂರಗಳು ಇದೇ ತೀರವನ್ನು ಅಪ್ಪಳಿಸಿದವು.

ಶಾಸನಗಳ ಕಾಲಕ್ಕೆ ಬಂದರೆ ಈ ಪ್ರದೇಶ ಶ್ರೀಮಂತವಾಗಿದೆ. ಕೊಲ್ಲಾಪುರದ ಶಿಲಾಹಾರ ವಿಜಯಾದಿತ್ಯನ ಸೇನಾನಿ 12ನೇ ಶತಮಾನದಲ್ಲಿ ಯಕ್ಸಂಬಾದಲ್ಲಿ ನೇಮಿನಾಥ ಬಸದಿ ಕಟ್ಟಿಸಿದ. ಸವದತ್ತಿಯ ರಟ್ಟ ದೊರೆ ಕಾರ್ತವೀರ್ಯ ಅದಕ್ಕೆ ಭೇಟಿ ನೀಡಿದ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು ದಂಡೆಯಲ್ಲಿ, ಮಹಾರಾಷ್ಟ್ರದ ಖಿದ್ರಾಪುರದಲ್ಲಿ, ಕೋಪೇಶ್ವರ ದೇವಾಲಯವಿದೆ. ಅಂದಿನ ಸಾಂಸ್ಕೃತಿಕ ನಕ್ಷೆ ಇಂದಿನ ರಾಜ್ಯ ಗಡಿಗೆ ಹೊಂದುವುದಿಲ್ಲ. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಶಿಫಾರಸು ಮಾಡಿತ್ತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೊರೆ ಹೋಯಿತು. ಇತಿಹಾಸ ಗಡಿ ವಾದಕ್ಕೆ ಬಳಕೆಯಾದಷ್ಟು ಸಂರಕ್ಷಣೆಗೆ ಬಳಕೆಯಾಗಿಲ್ಲ ಎಂಬುದು ವಿಪರ್ಯಾಸ.

ಕಾನೂನು ಇಲ್ಲವೆಂದಲ್ಲ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆಗಳು ಸ್ಮಾರಕಗಳ ಜೊತೆಗೆ ಪುರಾತತ್ತ್ವ ನಿವೇಶನಗಳಿಗೂ ಅನ್ವಯಿಸುತ್ತವೆ. ಆದರೆ ರಕ್ಷಿತ ನಿವೇಶನವೆಂದು ಅಧಿಸೂಚನೆ ಹೊರಬೀಳದೆ ಆ ರಕ್ಷಣೆ ದೊರೆಯುವುದಿಲ್ಲ. ಅಧಿಸೂಚನೆಗೂ ತೊಡಕುಂಟು. 2010ರ ತಿದ್ದುಪಡಿಯಂತೆ ಕೇಂದ್ರ ರಕ್ಷಿತ ಸ್ಮಾರಕ, ನಿವೇಶನಗಳ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಹೊಲದಲ್ಲಿ ವಿಚಿತ್ರ ಕಲ್ಲು ಸಿಕ್ಕ ರೈತ ಅದನ್ನು ತಿಳಿಸಿದರೆ ಮನೆ ಕಟ್ಟಲೂ ಅಡ್ಡಿಯಾದೀತೆಂದು ಹಿಂಜರಿದರೆ ಆತನನ್ನು ದೂರುವಂತಿಲ್ಲ.

ಆದ್ದರಿಂದ ಮೊದಲು ಬೇಕಿರುವುದು ನಿರ್ಬಂಧವಲ್ಲ, ದಾಖಲಾತಿ. ಮರಳು ಬ್ಲಾಕ್ ಹರಾಜಿಗೆ ಮುನ್ನ ಪುರಾತತ್ತ್ವ ತಜ್ಞರ ಪರಿಶೀಲನೆ, ಪ್ರವಾಹ ಇಳಿದ ಬಳಿಕ ದಂಡೆಗಳ ಸಮೀಕ್ಷೆ, ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ತರಬೇತಿ, ಇವು ದುಬಾರಿ ಕೆಲಸಗಳಲ್ಲ. ನದಿಯ ಎರಡೂ ದಂಡೆಗಳ ಸಮೀಕ್ಷೆಯನ್ನು ಉಭಯ ರಾಜ್ಯಗಳು ಜಂಟಿಯಾಗಿ ನಡೆಸಿದರೆ ಇನ್ನೂ ಒಳಿತು. ಗಡಿ ವ್ಯಾಜ್ಯ ಇನ್ನೆಷ್ಟು ಕಾಲ ಬೇಕಾದರೂ ಕಾಯಬಹುದು. ಲಾರಿಯೇರಿದ ಜಲ್ಲಿ ಪದರ ಮಾತ್ರ ಮರಳಿ ಬಾರದು.