ಯಾರು ಮೊದಲು ಬ್ಯಾಟ್ ಹಿಡಿಯಬೇಕು?

ಶಾಲೆಗಳ ನಡುವೆ ಕ್ರಿಕೆಟ್ ಪಂದ್ಯ ಮುಗಿದರೆ ಸಾಕು, ನಮ್ಮ ಚಿತ್ತಾಕುಲದ ಕಡೆ ಯಾರಾದರೊಬ್ಬ ಪಾಲಕರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: ‘ಮಾಸ್ತರೇ, ನಮ್ಮ ಹುಡುಗನನ್ನು ಏಳನೆಯವನಾಗಿ ಯಾಕೆ ಕಳಿಸಿದ್ದು?’ ಏಳನೆಯ ಕ್ರಮಾಂಕವೆಂದರೆ ತರಗತಿಯಲ್ಲಿ ಏಳನೆಯ ರ‍್ಯಾಂಕ್ ಇದ್ದಂತೆ ಎಂಬುದು ಅವರ ಲೆಕ್ಕ. ನಾನು ಕಲಿಸುವುದು ವಿಜ್ಞಾನವಾದರೂ ಕ್ರಿಕೆಟ್ಟಿನ ಹುಚ್ಚು ಇದ್ದೇ ಇದೆ. ಆದ್ದರಿಂದ ಈ ವಾರ ಅದೇ ವಿಚಾರ.

ಅಮೆರಿಕದವರ ಬೇಸ್‌ಬಾಲ್‌ನಲ್ಲಿ ಒಂಬತ್ತು ಮಂದಿಯ ಬ್ಯಾಟಿಂಗ್ ಪಟ್ಟಿಯನ್ನು ಆಟಕ್ಕೆ ಮೊದಲೇ ಅಂಪೈರ್ ಕೈಗೆ ಕೊಟ್ಟುಬಿಡಬೇಕು. ಆಮೇಲೆ ಬದಲಿ ಆಟಗಾರನನ್ನು ತರಬಹುದೇ ಹೊರತು ಸರದಿಯನ್ನು ಹಿಂದೆ ಮುಂದೆ ಮಾಡುವಂತಿಲ್ಲ. ಕ್ರಿಕೆಟ್‌ನಲ್ಲಿ ಹಾಗಲ್ಲ, ಒಂದು ವಿಕೆಟ್ ಬಿದ್ದ ಮೇಲೆ ಯಾರನ್ನು ಕಳಿಸಬೇಕೆಂಬುದು ನಾಯಕನ ಇಚ್ಛೆ. ಜಗಳ ಹುಟ್ಟುವುದೂ ಅಲ್ಲಿಯೇ.

ಈ ಇಚ್ಛೆಯನ್ನು ಅತಿ ಜಾಣತನದಿಂದ ಬಳಸಿದವರು ಡಾನ್ ಬ್ರಾಡ್ಮನ್. 1937ರ ಜನವರಿ, ಮೆಲ್ಬರ್ನ್ ಟೆಸ್ಟ್. ಆಗ ಪಿಚ್ ಮೇಲೆ ಹೊದಿಕೆ ಹಾಕುವ ಪದ್ಧತಿ ಇರಲಿಲ್ಲ. ಮಳೆಯಲ್ಲಿ ನೆನೆದ ನೆಲ ಬಿಸಿಲಿಗೆ ಒಣಗುವಾಗ ಒಂದು ಚೆಂಡು ಎದೆಗೆ ಏರಿದರೆ ಇನ್ನೊಂದು ಪಾದಕ್ಕೆ ಜಾರುತ್ತಿತ್ತು. ಬ್ರಾಡ್ಮನ್ ಏನು ಮಾಡಿದರು? ಬಾಲಂಗೋಚಿಗಳಾದ ಓರೈಲಿ ಮತ್ತು ಫ್ಲೀಟ್‌ವುಡ್-ಸ್ಮಿತ್ ಅವರನ್ನು ಆರಂಭಕ್ಕೆ ಕಳಿಸಿ ತಾವು ಏಳನೆಯವರಾಗಿ ಉಳಿದರು. ನೆಲ ಒಣಗಲು ಸಮಯ ಬೇಕಿತ್ತು, ಅಷ್ಟೇ. 97 ರನ್ನಿಗೆ 5 ವಿಕೆಟ್ ಬಿದ್ದಾಗ ಕ್ರೀಸಿಗೆ ಬಂದವರು 270 ಹೊಡೆದರು. ಏಳನೆಯ ಕ್ರಮಾಂಕದ ಬಗ್ಗೆ ಮುನಿಸಿಕೊಳ್ಳುವ ಪಾಲಕರು ಇದನ್ನು ಗಮನಿಸಬೇಕು.

ನಮ್ಮವರ ದೊಡ್ಡ ಉದಾಹರಣೆ 2001ರ ಮಾರ್ಚ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನದು. ಆಸ್ಟ್ರೇಲಿಯಾದ ಎದುರು ಭಾರತ 171ಕ್ಕೆ ಆಲೌಟಾಗಿ, 274 ರನ್ ಹಿಂದೆ ಬಿದ್ದು, ಫಾಲೋಆನ್ ಆಡಬೇಕಾಯಿತು. ಆರನೆಯವರಾಗಿ ಬಂದು 59 ಗಳಿಸಿದ್ದ ಲಕ್ಷ್ಮಣ್ ಅವರನ್ನು ಮೂರಕ್ಕೆ ಏರಿಸಿ, ಮೂರರಲ್ಲಿದ್ದ ನಮ್ಮ ದ್ರಾವಿಡ್ ಅವರನ್ನು ಆರಕ್ಕೆ ಇಳಿಸಿದರು. ಮುಂದಿನದು ಎಲ್ಲರಿಗೂ ಗೊತ್ತು: ಲಕ್ಷ್ಮಣ್ 281, ದ್ರಾವಿಡ್ 180, ಜೊತೆಯಾಟ 376. ನಾಲ್ಕನೆಯ ದಿನವಿಡೀ ಒಂದೂ ವಿಕೆಟ್ ಬೀಳಲಿಲ್ಲ. ಭಾರತ 171 ರನ್ನಿನಿಂದ ಗೆದ್ದಿತು. ಲಕ್ಷ್ಮಣ್ ಅವರನ್ನು ಹೊಗಳುವಾಗ ನಾವು ಮರೆಯುವುದು ಇಳಿಸಲ್ಪಟ್ಟವರನ್ನು. ಮೂರನೆಯ ಸ್ಥಾನಕ್ಕೆ ಹಿಂತಿರುಗಿದ ದ್ರಾವಿಡ್ ಟೆಸ್ಟ್‌ಗಳಲ್ಲಿ ಆ ಒಂದೇ ಜಾಗದಿಂದ ಹತ್ತು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು.

ಆದರೆ ಗೆದ್ದ ಮಾತ್ರಕ್ಕೆ ನಿರ್ಧಾರ ಸರಿಯೇ? ಗಣಿತದ ಪರೀಕ್ಷೆಯಲ್ಲಿ ಉತ್ತರ ತಪ್ಪಾದರೂ ಹಂತಗಳಿಗೆ ಅಂಕ ಕೊಡುತ್ತೇವೆ. ಹಂತವಿಲ್ಲದೆ ಸರಿಯುತ್ತರ ಬರೆದವನನ್ನು ಅನುಮಾನದಿಂದ ನೋಡುತ್ತೇವೆ. ಕೋಲ್ಕತ್ತದಲ್ಲಿ ಹಂತ ಸರಿಯಿತ್ತು: ಚೆನ್ನಾಗಿ ಆಡುತ್ತಿದ್ದವನಿಗೆ ಹೆಚ್ಚು ಸಮಯ ಕೊಟ್ಟರು. 2023ರ ನವೆಂಬರ್‌ನಲ್ಲಿ ಅಹಮದಾಬಾದಿನ ವಿಶ್ವಕಪ್ ಫೈನಲ್‌ಗೆ ಬನ್ನಿ. 148 ರನ್ನಿಗೆ ಕೊಹ್ಲಿ ಔಟಾದಾಗ ಸೂರ್ಯಕುಮಾರ್ ಬದಲು ಜಡೇಜ ಬಂದರು, 9 ರನ್ ಮಾಡಿ ಹೋದರು. ಹೊಡೆಯುವವನನ್ನು ಕೊನೆಯ ಓವರುಗಳಿಗೆ ಉಳಿಸುವ ಯೋಚನೆ ಇದ್ದಿರಬಹುದು. ಸೂರ್ಯಕುಮಾರ್ 18ಕ್ಕೆ ಔಟಾದರು, ಭಾರತ 240ಕ್ಕೆ ನಿಂತಿತು. ನಾನಾದರೆ ಈ ಹಂತಕ್ಕೆ ಅರ್ಧ ಅಂಕ ಕೊಡುತ್ತೇನೆ. ರನ್ ಬರದೆ ಉಸಿರು ಕಟ್ಟಿದ್ದು ಆಗಲೇ, ಕೊನೆಯಲ್ಲಲ್ಲ.

ಅಂದು ಐದನೆಯವರಾಗಿ 107 ಚೆಂಡುಗಳಲ್ಲಿ 66 ರನ್ ಗಳಿಸಿ ಬೈಸಿಕೊಂಡವರು ಸುರತ್ಕಲ್‌ನಲ್ಲಿ ಬೆಳೆದ, ನಮ್ಮ ಕರಾವಳಿಯ ಕೆ.ಎಲ್. ರಾಹುಲ್. ಅದೇ ಟೂರ್ನಿಯಲ್ಲಿ, ಚೆನ್ನೈನಲ್ಲಿ, 2 ರನ್ನಿಗೆ 3 ವಿಕೆಟ್ ಬಿದ್ದಾಗ ಅದೇ ಐದರಲ್ಲಿ ಬಂದು ಔಟಾಗದೆ 97 ಹೊಡೆದಿದ್ದರು. ಅವರನ್ನು ಅಲ್ಲಾಡಿಸಿದಷ್ಟು ಬೇರೆ ಯಾರನ್ನೂ ಅಲ್ಲಾಡಿಸಿಲ್ಲವೇನೋ! 2024ರ ಕೊನೆಯಲ್ಲಿ ಪರ್ತ್‌ನಲ್ಲಿ ರೋಹಿತ್ ಇಲ್ಲದ್ದರಿಂದ ಆರಂಭಿಕ, 77 ರನ್. ಬ್ರಿಸ್ಬೇನ್‌ನಲ್ಲಿ ಆರಂಭಿಕನಾಗಿಯೇ 84. ಮುಂದಿನ ಮೆಲ್ಬರ್ನ್ ಟೆಸ್ಟ್‌ಗೆ ಮೂರನೆಯ ಕ್ರಮಾಂಕ: 24 ಮತ್ತು 0. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಅಕ್ಷರ್ ಪಟೇಲರ ಹಿಂದೆ ಆರನೆಯವರು.

ಟೆಸ್ಟ್‌ನಲ್ಲಿ ಅವರ ಜಾಗ ಆರಂಭದಲ್ಲಿಯೇ ಎಂಬುದು ನನ್ನ ವಾದ. ಹೊಸ ಚೆಂಡು ಗಟ್ಟಿ, ಹೊಲಿಗೆ ಎದ್ದಿರುತ್ತದೆ, ಗಾಳಿಯಲ್ಲಿ ಹೊರಳುತ್ತದೆ, ನೆಲಕ್ಕೆ ಬಡಿದು ದಿಕ್ಕು ಬದಲಿಸುತ್ತದೆ. ಆಗ ಬೇಕಾದದ್ದು ಹೊಡೆತಕ್ಕಿಂತ ಹೆಚ್ಚಾಗಿ ಚೆಂಡನ್ನು ಬಿಡುವ ವಿದ್ಯೆ, ಮೈಗೆ ಹತ್ತಿರ, ತಡವಾಗಿ ಆಡುವ ತಾಳ್ಮೆ. ಇವೆರಡೂ ರಾಹುಲ್ ಬಳಿ ಇವೆ. 2025ರ ಇಂಗ್ಲೆಂಡ್ ಪ್ರವಾಸದ ಐದೂ ಟೆಸ್ಟ್‌ಗಳಲ್ಲಿ ಅವರನ್ನು ಆರಂಭಿಕರನ್ನಾಗಿಯೇ ಇಟ್ಟರು. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100, ಒಟ್ಟು 532 ರನ್. ಅವರು ಎರಡೂ ಸಲ ಸೊನ್ನೆಗೆ ಔಟಾಗಿ ಬಂದಿದ್ದರೂ ಆ ಜಾಗದ ನಿರ್ಧಾರಕ್ಕೆ ನಾನು ಪೂರ್ತಿ ಅಂಕವನ್ನೇ ಹಾಕುತ್ತಿದ್ದೆ.